ಗಜಕರ್ಣ, ಎರಡು ಕಾರ್ಡು, ಒಬ್ಬ ಚರ್ಮದ ಡಾಕ್ಟರ್: ಇಎಸ್‌ಐ ಕಾರ್ಮಿಕರೊಬ್ಬರ ಪ್ರಕರಣ

ಬೆಂಗಳೂರಿನ ಪೀಣ್ಯ ಕಡೆಯ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಟೈಲರ್ ಆಗಿರುವ ಹೆಣ್ಣುಮಗಳೊಬ್ಬರ ಕಥೆ ಇದು. ಹೆಸರು ಹಾಕಬೇಡಿ ಅಂದಿದ್ದಾರೆ. ಲೈನಿನಲ್ಲಿ ಎಲ್ಲರೂ ಅವರನ್ನು ಅಕ್ಕ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಕಾರ್ಮಿಕರ ಪಿಎಫ್, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾಗದಗಳನ್ನು ಸರಿ ಮಾಡಿಸಿಕೊಡುವುದು ನನ್ನ ಕೆಲಸ. ಅಕ್ಕ ನನ್ನ ಹತ್ತಿರ ಬಂದಾಗ ಕೇಳಿದ್ದು ಒಂದೇ ಮಾತು: "ಕಾರ್ಡ್ ತಗೊಳ್ಳೋ ಚರ್ಮದ ಡಾಕ್ಟರು ಹತ್ತಿರದಲ್ಲಿ ಯಾರಾದ್ರೂ ಇದ್ದಾರಾ?" ಈ ಪ್ರಶ್ನೆ ತುಂಬಾ ಜನರ ಬಾಯಲ್ಲಿ ಕೇಳಿದ್ದೇನೆ. ಅದಕ್ಕೆ ಸರಿಯಾದ ಉತ್ತರ ಸಿಗುವ ಹೊತ್ತಿಗೆ ಕಾಯಿಲೆ ದುಪ್ಪಟ್ಟಾಗಿರುತ್ತದೆ. ಅದಕ್ಕೇ ಈ ಪ್ರಕರಣವನ್ನು ಮೊದಲಿಂದ ಕೊನೆವರೆಗೂ ಬರೆಯುತ್ತಿದ್ದೇನೆ.

ಅಕ್ಕನಿಗೆ ಆಗಿದ್ದು ಗಜಕರ್ಣ. ಕೆಲವು ಕಡೆ ಹುಳುಕಡ್ಡಿ ಅಂತಾರೆ. ಚೂಡಿದಾರದ ಲಾಡಿ ಕಟ್ಟುವ ಜಾಗದಲ್ಲಿ ಉಂಗುರದ ಹಾಗೆ ದುಂಡಗೆ ಎದ್ದಿತು. ಅಂಚು ಕೆಂಪು, ನಡುವೆ ಮಾಸಿದ ಬಣ್ಣ, ವಿಪರೀತ ತುರಿಕೆ. ಆಮೇಲೆ ತೊಡೆ ಸಂದಿಗೆ ಇಳಿಯಿತು. ಇದು ಫಂಗಸ್‌ನಿಂದ ಬರುವ ಸೋಂಕು. ಬೆವರು ಆರದ ಜಾಗ ಅದಕ್ಕೆ ಬಹಳ ಇಷ್ಟ. ಶೀಟಿನ ಚಾವಣಿ ಕೆಳಗೆ, ಐರನ್ ಟೇಬಲಿನ ಹಬೆ ಪಕ್ಕ ಇಡೀ ದಿನ ಕೂತು ಹೊಲಿಯುವವರಿಗೆ ಬೆವರು ಆರುವುದು ಮನೆಗೆ ಹೋದ ಮೇಲೆಯೇ. ಜೊತೆಗೆ ತೊಡೆ ಸಂದಿಯ ತುರಿಕೆಯನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಸೂಪರ್‌ವೈಸರ್ ಹತ್ತಿರ ರಜೆ ಕೇಳಿದರೆ "ಏನಾಗಿದೆ?" ಅನ್ನುತ್ತಾರೆ. ಅಕ್ಕ ಹೇಳಲಿಲ್ಲ. ಮೆಡಿಕಲ್ ಶಾಪಿಗೆ ಹೋಗಿ "ತುರಿಕೆಗೆ ಏನಾದ್ರೂ ಕೊಡಣ್ಣ" ಅಂದರು. ಅಂಗಡಿಯವರು ಒಂದು ಟ್ಯೂಬ್ ಕೊಟ್ಟರು.

ಟ್ಯೂಬ್ ಹಚ್ಚಿದ ಎರಡನೇ ದಿನಕ್ಕೆ ತುರಿಕೆ ನಿಂತಿತು. ಕೆಂಪು ಇಳಿಯಿತು. ಬಿಟ್ಟ ವಾರಕ್ಕೆ ಮೊದಲಿಗಿಂತ ದೊಡ್ಡದಾಗಿ ಎದ್ದಿತು. ಮತ್ತೆ ಹಚ್ಚಿದರು, ಮತ್ತೆ ನಿಂತಿತು. ಹೀಗೇ ತಿಂಗಳುಗಳು ಕಳೆದವು. ಅಷ್ಟು ಹೊತ್ತಿಗೆ ಗಂಡನಿಗೂ ಬಂದಿತ್ತು, ಶಾಲೆಗೆ ಹೋಗುವ ಮಗಳ ಕುತ್ತಿಗೆ ಮೇಲೂ ಒಂದು ಕಲೆ ಕಂಡಿತ್ತು. ಆಗ ಅಕ್ಕನಿಗೆ ನಿಜವಾಗಲೂ ಭಯ ಆಯಿತು.

ಮೊದಲು ತಟ್ಟಿದ ಬಾಗಿಲು

ಮನೆ ಹತ್ತಿರ ಒಂದು ಸ್ಕಿನ್ ಕ್ಲಿನಿಕ್ ಬೋರ್ಡ್ ಇತ್ತು. ಒಳಗೆ ಹೋಗಿ ಕೇಳಿದರೆ ನೋಡುವ ಫೀಸೇ ಐನೂರರ ಮೇಲೆ. ಕಾರ್ಡ್ ತಗೊಳ್ಳಲ್ಲ ಅಂದರು. ಗೋಡೆ ಮೇಲೆ ಲೇಸರ್, ಕೂದಲು ಕಸಿ, ಮುಖದ ಹೊಳಪಿನ ಪಟ್ಟಿ ಇತ್ತು. ಇಂಥ ಕಡೆ ಬೋರ್ಡ್‌ನಲ್ಲಿ ಡಾಕ್ಟರ ಹೆಸರಿನ ಮುಂದೆ ಏನು ಓದಿದ್ದಾರೆ ಅಂತ ನೋಡಬೇಕು. ಚರ್ಮದ ತಜ್ಞರಾದರೆ ಎಂಡಿ ಡರ್ಮಟಾಲಜಿ, ಡಿಎನ್‌ಬಿ ಅಥವಾ ಚರ್ಮರೋಗದ ಡಿಪ್ಲೊಮಾ ಇರುತ್ತದೆ. ಬರೀ 'ಸ್ಕಿನ್ ಸ್ಪೆಷಲಿಸ್ಟ್' ಅಂತ ಬರೆದುಕೊಂಡಿದ್ದರೆ ಸಾಲದು.

ಪಕ್ಕದ ಮನೆಯವರು ಒಂದು ಸಲಹೆ ಕೊಟ್ಟರು. ಬಿಪಿಎಲ್ ಕಾರ್ಡ್ ಇದೆಯಲ್ಲ, ಆಯುಷ್ಮಾನ್ ಕಾರ್ಡ್ ಮಾಡಿಸಿದ್ದೀರಲ್ಲ, ಐದು ಲಕ್ಷದವರೆಗೆ ಉಚಿತ, ದೊಡ್ಡ ಆಸ್ಪತ್ರೆಗೇ ಹೋಗಿ ಅಂತ. ಅಕ್ಕ ಒಂದು ದಿನದ ಸಂಬಳ ಬಿಟ್ಟು ಯೋಜನೆಯ ಪಟ್ಟಿಯಲ್ಲಿರುವ ಒಂದು ಖಾಸಗಿ ಆಸ್ಪತ್ರೆಗೆ ಹೋದರು. ಅಲ್ಲಿ ಚರ್ಮದ ಡಾಕ್ಟರೂ ಇದ್ದರು, ಯೋಜನೆಯ ಕೌಂಟರೂ ಇತ್ತು. ಕೌಂಟರಿನಲ್ಲಿ ಕೂತಿದ್ದ ಆರೋಗ್ಯಮಿತ್ರ ಕಾರ್ಡ್ ನೋಡಿ ಸಮಾಧಾನವಾಗಿಯೇ ಹೇಳಿದರು: "ಅಡ್ಮಿಟ್ ಆಗೋ ಟ್ರೀಟ್‌ಮೆಂಟ್‌ಗೆ ಮಾತ್ರ ಬರುತ್ತಮ್ಮ. ಡಾಕ್ಟರ ಹತ್ರ ತೋರಿಸಿಕೊಂಡು ಹೋಗೋದಕ್ಕೆ ಬರಲ್ಲ."

ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಸುಳ್ಳು ಯೋಜನೆ ಅಲ್ಲ. ರಾಜ್ಯದ ಆರೋಗ್ಯ ಕರ್ನಾಟಕ ಮತ್ತು ಕೇಂದ್ರದ ಆಯುಷ್ಮಾನ್ ಭಾರತ್ 2018ರಲ್ಲಿ ಸೇರಿ ಒಂದೇ ಯೋಜನೆ ಆದವು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅದನ್ನು ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಒಂದೊಂದು ಚಿಕಿತ್ಸೆಗೆ ಯೋಜನೆ ಮೊದಲೇ ಗೊತ್ತು ಮಾಡಿದ ದರ) ಶೇ 30ರಷ್ಟು, ಅಂದರೆ ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ಹೃದಯದ ಆಪರೇಷನ್, ಕ್ಯಾನ್ಸರ್, ಕಿಡ್ನಿ ಇಂಥದ್ದಕ್ಕೆ ಇದರಿಂದ ಬದುಕಿಕೊಂಡ ಮನೆಗಳನ್ನು ನಾನು ನೋಡಿದ್ದೇನೆ. ಆದರೆ ಅದು ನಡೆಯುವುದು ಪ್ಯಾಕೇಜ್ ಲೆಕ್ಕದಲ್ಲಿ. ಚರ್ಮದ ಕಾಯಿಲೆಗಳೋ, ಬಹುಪಾಲು ಹೊರರೋಗಿ (ಓಪಿಡಿ) ಕಾಯಿಲೆಗಳೇ ಅನ್ನಬಹುದು. ಯಾರೂ ಗಜಕರ್ಣಕ್ಕೆ ಅಡ್ಮಿಟ್ ಆಗುವುದಿಲ್ಲ. ಸೋರಿಯಾಸಿಸ್, ಇಸುಬು, ಮೊಡವೆ, ತೊನ್ನು, ಎಲ್ಲವೂ ಡಾಕ್ಟರಿಗೆ ತೋರಿಸಿ ಔಷಧಿ ತಗೊಂಡು ಮನೆಗೆ ಬರುವಂಥವು. ಮೈತುಂಬಾ ಬೊಕ್ಕೆ ಎದ್ದು ಆಸ್ಪತ್ರೆಯಲ್ಲಿ ಮಲಗಬೇಕಾದ ಸ್ಥಿತಿ ಬಂದರೆ ಆಗ ಆ ಕಾರ್ಡ್ ಹಿಡಿದು ಕೇಳಬೇಕು.

ಹಾಗಾಗಿ "ಈ ಡಾಕ್ಟರು ಕಾರ್ಡ್ ತಗೋತಾರಾ?" ಅಂತ ಕೇಳುವುದರಿಂದ ಚರ್ಮದ ಕಾಯಿಲೆಯವರಿಗೆ ದಾರಿ ಸಿಗುವುದಿಲ್ಲ. "ನನ್ನ ಕಾರ್ಡಿಗೆ ಓಪಿಡಿ ಬರುತ್ತಾ? ಬಂದರೆ ಅದು ಎಲ್ಲಿಂದ ಶುರು?" ಅಂತ ಕೇಳಬೇಕು. ಈ ಪ್ರಶ್ನೆ ಹಾಕಿದ ತಕ್ಷಣ ಅಕ್ಕನ ಕೈಯಲ್ಲೇ ಇನ್ನೊಂದು ಕಾರ್ಡ್ ಇರುವುದು ನೆನಪಾಗಬೇಕು. ಅವರಿಗೆ ಆಗಲಿಲ್ಲ. ಯಾರೂ ಹೇಳಿರಲಿಲ್ಲ.

ಸಂಬಳದ ಚೀಟಿಯಲ್ಲೇ ಇತ್ತು

ಅಕ್ಕನ ಪೇಸ್ಲಿಪ್ ತರಿಸಿ ನೋಡಿದೆವು. ಸಂಬಳ 14,000 ರೂಪಾಯಿ. ಕಡಿತದ ಸಾಲಿನಲ್ಲಿ ಇಎಸ್‌ಐ 105 ರೂಪಾಯಿ. ಕಾರ್ಮಿಕರ ಪಾಲು ಶೇ 0.75, ಮಾಲೀಕರ ಪಾಲು ಶೇ 3.25. 2019ರ ಜುಲೈಯಿಂದ ಈ ದರ. ಅಂದರೆ ಅಕ್ಕನ 105ರ ಜೊತೆ ಫ್ಯಾಕ್ಟರಿ 455 ಸೇರಿಸಿ ತಿಂಗಳಿಗೆ 560 ರೂಪಾಯಿ ಕಟ್ಟುತ್ತಿತ್ತು. "ಇದೇನೋ ಪಿಎಫ್ ಥರ ಹಿಡ್ಕೋತಾರೆ ಅಂದ್ಕೊಂಡಿದ್ದೆ" ಅಂದರು ಅಕ್ಕ. ಅವರ ಲೈನಿನಲ್ಲಿ ಕೇಳಿದಾಗ ಜಾಸ್ತಿ ಜನ ಹೇಳಿದ್ದೂ ಅದೇ. ವರ್ಷಗಟ್ಟಲೆ ದುಡ್ಡು ಕಟ್ಟಿ, ಆ ದುಡ್ಡಿಗೆ ಏನು ಸಿಗುತ್ತದೆ ಅಂತ ಗೊತ್ತಿಲ್ಲದೆ ಇರುವುದು ನನಗೆ ತುಂಬಾ ಸಂಕಟದ ವಿಷಯ.

ಇಎಸ್‌ಐ, 1948ರ ಕಾಯ್ದೆಯಿಂದ ಬಂದ ಯೋಜನೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇದರಲ್ಲಿ ಬರುತ್ತಾರೆ. ಕೆಲಸಕ್ಕೆ ಸೇರಿದ ದಿನದಿಂದಲೇ ಕಾರ್ಮಿಕರಿಗೂ ಮನೆಯವರಿಗೂ ವೈದ್ಯಕೀಯ ಸೌಲಭ್ಯ ಉಂಟು. ಮುಖ್ಯವಾಗಿ, ಇದರಲ್ಲಿ ಓಪಿಡಿ ಬರುತ್ತದೆ. ಡಾಕ್ಟರ ಫೀಸ್, ಟೆಸ್ಟ್, ಮಾತ್ರೆ ಎಲ್ಲಾ ಸೇರಿ. ಆದರೆ ನಮಗೆ ಬೇಕಾದ ಡಾಕ್ಟರ ಹತ್ತಿರ ನೇರವಾಗಿ ಹೋಗುವಂತಿಲ್ಲ. ಮೊದಲು ನಮ್ಮ ನಂಬರಿಗೆ ಗೊತ್ತು ಮಾಡಿರುವ ಇಎಸ್‌ಐ ಡಿಸ್ಪೆನ್ಸರಿ, ಅಂದರೆ ಚಿಕ್ಕ ದವಾಖಾನೆ. ಅಲ್ಲಿಯ ಡಾಕ್ಟರು ನೋಡಿ, ತಜ್ಞರು ಬೇಕು ಅನಿಸಿದರೆ ರೆಫರಲ್ ಚೀಟಿ ಕೊಡುತ್ತಾರೆ. ಆ ಚೀಟಿ ಹಿಡಿದು ಇಎಸ್‌ಐ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಬೇಕು. ಒಪ್ಪಂದ ಇರುವ ಖಾಸಗಿ ಆಸ್ಪತ್ರೆಗೂ, ತುರ್ತು ಸ್ಥಿತಿ ಬಿಟ್ಟರೆ, ಚೀಟಿ ಬೇಕೇ ಬೇಕು.

ಅಕ್ಕ ಹತ್ತಿರದ ಡಿಸ್ಪೆನ್ಸರಿಗೆ ಹೋದರು. ಕಂಪ್ಯೂಟರಿನಲ್ಲಿ ನಂಬರ್ ಹಾಕಿ ನೋಡಿ, "ನಿಮ್ಮದು ಇಲ್ಲಿ ಬರಲ್ಲ" ಅಂದರು. ಯಾಕೆ? ಅಕ್ಕ ಮೊದಲು ಕೆಲಸಕ್ಕಿದ್ದದ್ದು ಮೈಸೂರು ರಸ್ತೆ ಕಡೆಯ ಫ್ಯಾಕ್ಟರಿಯಲ್ಲಿ. ಇಎಸ್‌ಐ ನಂಬರ್ ಹತ್ತು ಅಂಕಿಯದು, ಕೆಲಸ ಬದಲಾದರೂ ಅದೇ ನಂಬರ್ ಮುಂದುವರಿಯುತ್ತದೆ. ಅದು ಒಳ್ಳೆಯದೇ. ಆದರೆ ನಂಬರಿನ ಜೊತೆ ಹಳೇ ಡಿಸ್ಪೆನ್ಸರಿಯೂ ಅಂಟಿಕೊಂಡು ಬಂದಿತ್ತು. ಹೊಸ ಫ್ಯಾಕ್ಟರಿಯವರು ಬದಲಾಯಿಸಿರಲಿಲ್ಲ. ಅಕ್ಕನಿಗೆ ಅದು ಬದಲಾಯಿಸಬೇಕಾದ ವಿಷಯ ಅಂತಲೇ ಗೊತ್ತಿರಲಿಲ್ಲ.

ತುಂಬಾ ಜನ ಇಲ್ಲಿಂದಲೇ ವಾಪಸ್ ಹೋಗಿಬಿಡುತ್ತಾರೆ. ಒಂದು ದಿನದ ಸಂಬಳ ಆಗಲೇ ಹೋಗಿರುತ್ತದೆ, ಇನ್ನೊಂದು ದಿನ ಯಾಕೆ ಕಳೆದುಕೊಳ್ಳಲಿ ಅಂತ ಮತ್ತೆ ಮೆಡಿಕಲ್ ಶಾಪಿನ ಟ್ಯೂಬಿಗೆ ಹೋಗುತ್ತಾರೆ. ಅಕ್ಕನೂ ಒಂದಿಷ್ಟು ದಿನ ಅದನ್ನೇ ಮಾಡಿದರು.

ನಾವು ಎಚ್‌ಆರ್ ಮೇಡಂ ಹತ್ತಿರ ಹೋಗಿ ಕೂತೆವು. ಅವರು ಇಎಸ್‌ಐ ಪೋರ್ಟಲ್ ತೆರೆದಾಗ ಎರಡು ವಿಷಯ ಕಂಡವು. ಒಂದು, ಹಳೇ ಡಿಸ್ಪೆನ್ಸರಿ. ಇನ್ನೊಂದು, ಕುಟುಂಬದ ಪಟ್ಟಿಯಲ್ಲಿ ಗಂಡನ ಹೆಸರು ಮಾತ್ರ ಇತ್ತು, ಮಗಳ ಹೆಸರೇ ಇರಲಿಲ್ಲ. ಮಗಳು ಹುಟ್ಟುವ ಮೊದಲು ಮಾಡಿದ ನೋಂದಣಿ ಅದು. ಆಧಾರ್ ನೋಡಿ ಮಗಳನ್ನು ಸೇರಿಸಿದರು, ಡಿಸ್ಪೆನ್ಸರಿಯನ್ನು ಮನೆ ಹತ್ತಿರದ್ದಕ್ಕೆ ಬದಲಾಯಿಸಿದರು, ಇಎಸ್‌ಐ ಗುರುತಿನ ಚೀಟಿಯಾದ ಇ-ಪೆಹಚಾನ್ ಕಾರ್ಡ್ ಹೊಸದಾಗಿ ಪ್ರಿಂಟ್ ತೆಗೆದು ಕೊಟ್ಟರು. ಮೇಡಂ ಸಿಡುಕಲಿಲ್ಲ, ಇದನ್ನು ಹೇಳಲೇಬೇಕು. ಎಚ್‌ಆರ್ ಸಿಗದ ಕಡೆ ಇಎಸ್‌ಐ ಬ್ರಾಂಚ್ ಆಫೀಸಿಗೆ ಹೋಗಿ ಕೇಳಬಹುದು. ಮನೆಯವರು ಬೇರೆ ಊರಿನಲ್ಲಿದ್ದರೆ ಅವರಿಗೆ ಬೇರೆ ಡಿಸ್ಪೆನ್ಸರಿ ಹಾಕಿಸಲೂ ಅವಕಾಶ ಇದೆ. ಹಳ್ಳಿಯಲ್ಲಿ ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟು ಬಂದವರಿಗೆ ಇದು ಗೊತ್ತಿರಬೇಕು.

ಬ್ಲೇಡು, ಗಾಜು, ಒಂದು ಹನಿ

ಡಿಸ್ಪೆನ್ಸರಿಯಲ್ಲಿ ಈ ಸಲ ನಂಬರ್ ಸಿಕ್ಕಿತು. ಅಲ್ಲಿಯ ಡಾಕ್ಟರು ಮೊದಲು ತಾವೇ ಮುಲಾಮು ಬರೆಯಲು ಹೊರಟರು. ಅಕ್ಕನಿಗೆ ನಾನು ಒಂದು ಮಾತು ಹೇಳಿಕೊಟ್ಟಿದ್ದೆ: ಎಷ್ಟು ತಿಂಗಳಾಗಿದೆ, ಏನು ಹಚ್ಚಿದ್ದೀರಿ, ಮನೆಯಲ್ಲಿ ಯಾರಿಗೆಲ್ಲಾ ಬಂದಿದೆ, ಈ ಮೂರನ್ನೂ ಕೂತ ತಕ್ಷಣ ಹೇಳಿಬಿಡಿ ಅಂತ. ಹೇಳಿದರು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಚರ್ಮದ ವಿಭಾಗಕ್ಕೆ ರೆಫರಲ್ ಕೊಟ್ಟರು. ಬರೀ "ತುರಿಕೆ" ಅಂದರೆ ಮುಲಾಮು ಸಿಗುತ್ತದೆ. ಕಥೆ ಪೂರ್ತಿ ಹೇಳಿದರೆ ಚೀಟಿ ಸಿಗುತ್ತದೆ.

ಇಎಸ್‌ಐ ಆಸ್ಪತ್ರೆಗಳಲ್ಲಿ ಎಲ್ಲಾ ಕಡೆ ಚರ್ಮದ ಡಾಕ್ಟರು ದಿನಾ ಇರುತ್ತಾರೆ ಅಂದುಕೊಳ್ಳಬಾರದು. ಹೊರಡುವ ಮೊದಲು ಚರ್ಮದ ಓಪಿಡಿ ಯಾವ ದಿನ, ಎಷ್ಟು ಗಂಟೆಗೆ ಓಪಿಡಿ ಚೀಟಿ ಕೊಡುವುದು ನಿಲ್ಲಿಸುತ್ತಾರೆ ಅಂತ ಡಿಸ್ಪೆನ್ಸರಿಯಲ್ಲೇ ಕೇಳಿಕೊಳ್ಳಬೇಕು. ಮೆಡಿಕಲ್ ಕಾಲೇಜು ಸೇರಿಕೊಂಡಿರುವ ಆಸ್ಪತ್ರೆಯಾದರೆ ಚರ್ಮರೋಗ ವಿಭಾಗ ಇದ್ದೇ ಇರುತ್ತದೆ, ಯಾಕೆಂದರೆ ಎಂಬಿಬಿಎಸ್ ಹುಡುಗರಿಗೆ ಅದನ್ನು ಕಲಿಸಲೇಬೇಕು. ಬೆಂಗಳೂರಿನ ರಾಜಾಜಿನಗರ ಮತ್ತು ಕಲಬುರಗಿಯಲ್ಲಿ ಇಎಸ್‌ಐಯದೇ ಮೆಡಿಕಲ್ ಕಾಲೇಜು ಇದೆ. ಇಎಸ್‌ಐ ಇಲ್ಲದವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಬೆಂಗಳೂರಿನ ಬೌರಿಂಗ್, ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆ, ಹೀಗೆ ಸರ್ಕಾರಿ ಮೆಡಿಕಲ್ ಕಾಲೇಜು ಎಲ್ಲಿದೆಯೋ ಅಲ್ಲಿ ಚರ್ಮದ ಓಪಿಡಿ ಇರುತ್ತದೆ. ಯಾವ ವಿಮೆಯೂ ಇಲ್ಲದಿದ್ದರೂ ಖಾಸಗಿ ಕ್ಲಿನಿಕ್ಕಿನ ಫೀಸಿನ ಮುಂದೆ ಅಲ್ಲಿಯ ಖರ್ಚು ಏನೇನೂ ಅಲ್ಲ.

ಅಕ್ಕ ಗಂಡನನ್ನೂ ಮಗಳನ್ನೂ ಕರೆದುಕೊಂಡು ಹೋದರು. ಸಾಲು ಉದ್ದ ಇತ್ತು. ಒಳಗೆ ಹೋದದ್ದು ಮಧ್ಯಾಹ್ನದ ಹೊತ್ತಿಗೆ. ಡಾಕ್ಟರ್ ಮೇಡಂ ಮೊದಲು ಕೇಳಿದ್ದು, "ಏನು ಹಚ್ತಿದ್ದೀರಮ್ಮ? ಟ್ಯೂಬ್ ತಂದಿದ್ದೀರಾ?" ಅಕ್ಕ ಪ್ಲಾಸ್ಟಿಕ್ ಕವರಿನಿಂದ ಟ್ಯೂಬ್ ತೆಗೆದರು. ತುದಿಯಿಂದ ಸುತ್ತಿ ಸುತ್ತಿ ಹಿಂಡಿ ಬೆರಳುದ್ದ ಮಾತ್ರ ಉಳಿದಿತ್ತು. ಮೇಡಂ ಸುರುಳಿ ಬಿಚ್ಚಿ, ಬೆಳಕಿಗೆ ಹಿಡಿದು, ಸಣ್ಣ ಅಕ್ಷರ ಓದಿದರು. ಕ್ಲೋಬೆಟಾಸಾಲ್, ಜೊತೆಗೆ ಒಂದು ಆಂಟಿಬಯಾಟಿಕ್, ಜೊತೆಗೆ ಒಂದಿಷ್ಟು ಫಂಗಸ್ ಔಷಧಿ. ಕ್ಲೋಬೆಟಾಸಾಲ್ ಅಂದರೆ ಚರ್ಮಕ್ಕೆ ಹಚ್ಚುವ ಸ್ಟೆರಾಯ್ಡ್‌ಗಳಲ್ಲೇ ತುಂಬಾ ಜೋರಿನದು.

ಸ್ಟೆರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತದೆ, ಅದಕ್ಕೇ ಎರಡೇ ದಿನಕ್ಕೆ ಆರಾಮ ಅನಿಸುತ್ತದೆ. ಆದರೆ ಫಂಗಸ್ ವಿರುದ್ಧ ಹೋರಾಡುವ ಚರ್ಮದ ಶಕ್ತಿಯನ್ನೂ ಅದೇ ತಗ್ಗಿಸುತ್ತದೆ. ಮೇಲೆ ಶಾಂತ, ಒಳಗೆ ಫಂಗಸ್ ಹಾಯಾಗಿ ಹರಡುತ್ತದೆ. ಉಂಗುರದ ಆಕಾರ ಕೆಟ್ಟು ಬೇರೆ ಯಾವುದೋ ಕಾಯಿಲೆ ಥರ ಕಾಣುತ್ತದೆ, ನೋಡಿದವರೂ ದಾರಿ ತಪ್ಪುತ್ತಾರೆ. ತೊಡೆ ಸಂದಿಯಂಥ ತೆಳು ಚರ್ಮದಲ್ಲಿ ಬಸಿರಿನ ಬಿರುಕಿನ ಹಾಗೆ ಗೆರೆಗಳು ಬೀಳುತ್ತವೆ. ಅವು ಮತ್ತೆ ಹೋಗುವುದಿಲ್ಲ. ಅಕ್ಕನಿಗೆ ಆಗಲೇ ಬಿದ್ದಿದ್ದವು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ ಅಂತ ಆದೇಶ ಮಾಡಿತು. ಆದರೂ ಅಂಗಡಿಯಲ್ಲಿ ಕೈ ಚಾಚಿದರೆ ಸಿಗುತ್ತವೆ. ಡಾಕ್ಟರ ಹತ್ತಿರ ಹೋಗಲು ಒಂದು ದಿನದ ಸಂಬಳ ಬೇಕು, ಟ್ಯೂಬಿಗೆ ನೂರೋ ನೂರೈವತ್ತೋ ಸಾಕು. ಬಡವರು ಯಾವುದನ್ನು ಆರಿಸಿಕೊಳ್ಳುತ್ತಾರೆ ಅಂತ ಬೇರೆ ಹೇಳಬೇಕಾ?

ಮೇಡಂ ಒಂದು ಸಣ್ಣ ಬ್ಲೇಡಿನ ಮೊಂಡು ಬದಿಯಿಂದ ಕಲೆಯ ಅಂಚನ್ನು ಕೆರೆದರು. ಹಿಟ್ಟಿನಂಥ ಬಿಳಿ ಪುಡಿ ಗಾಜಿನ ಪಟ್ಟಿ ಮೇಲೆ ಬಿದ್ದಿತು. ಅದರ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನ ಒಂದು ಹನಿ. ಚರ್ಮದ ಕೋಶಗಳು ಕರಗಲು ಸ್ವಲ್ಪ ಹೊತ್ತು ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಮಗಳಿಗೂ ತೋರಿಸಿದರಂತೆ: ಕವಲೊಡೆದ ಸಣ್ಣ ಸಣ್ಣ ಎಳೆಗಳು. ಕೆಒಎಚ್ ಅಂತ ಕರೆಯುವ ಈ ಟೆಸ್ಟ್‌ಗೆ ದೊಡ್ಡ ಮೆಷಿನ್ ಬೇಡ, ಸೂಜಿ ಬೇಡ. ಗೊತ್ತಿರುವ ಕೈ, ಗೊತ್ತಿರುವ ಕಣ್ಣು ಬೇಕು. ಇಷ್ಟು ದಿನದ ಅನುಮಾನ ಒಂದು ಹನಿಯಲ್ಲಿ ಬಗೆಹರಿಯಿತು. ಇದಕ್ಕೇ ತಜ್ಞರು ಬೇಕು ಅಂತ ನಾನು ಹಟ ಹಿಡಿಯುವುದು.

ಟ್ಯೂಬ್ ಅವತ್ತೇ ಬಂದ್. "ಮೊದಲ ವಾರ ಉರಿ, ತುರಿಕೆ ಜಾಸ್ತಿ ಆಗುತ್ತೆ, ಹೆದರಬೇಡಿ, ಮತ್ತೆ ಟ್ಯೂಬ್ ಮುಟ್ಟಬೇಡಿ" ಅಂತ ಮುಂಚೆಯೇ ಹೇಳಿ ಕಳಿಸಿದರು. ಆ ಎಚ್ಚರಿಕೆ ಇಲ್ಲದಿದ್ದರೆ ಅಕ್ಕ ನಾಲ್ಕನೇ ದಿನಕ್ಕೆ ಔಷಧಿ ಬಿಟ್ಟುಬಿಡುತ್ತಿದ್ದರು, ಅವರೇ ಹೇಳಿದ ಮಾತು. ಅಕ್ಕನಿಗೂ ಗಂಡನಿಗೂ ಇಟ್ರಾಕೊನಜೋಲ್ ಕ್ಯಾಪ್ಸೂಲ್, ಊಟದ ಜೊತೆ. ಮಗಳಿಗೆ ಸ್ಟೆರಾಯ್ಡ್ ಇಲ್ಲದ ಮುಲಾಮು ಮಾತ್ರ, ಕಲೆಯ ಅಂಚು ದಾಟಿ ಒಂದೆರಡು ಬೆರಳು ಆಚೆವರೆಗೆ ಹಚ್ಚಬೇಕು. ಮೂವರೂ ಒಟ್ಟಿಗೇ ಔಷಧಿ ತಗೊಳ್ಳಬೇಕು, ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಟವೆಲ್ ಬೇರೆ ಬೇರೆ. ಒಳಬಟ್ಟೆ ತಿರುವಿ ಬಿಸಿಲಿಗೆ ಹಾಕಬೇಕು. ವಠಾರದಲ್ಲಿ ಒಳಬಟ್ಟೆಯನ್ನು ಸೀರೆ ಕೆಳಗೆ ಮುಚ್ಚಿ ಒಣಗಿಸುವುದು ಅಕ್ಕನಿಗೆ ಅಭ್ಯಾಸ, ಆ ತೇವ ಆರುವುದೇ ಇಲ್ಲ. ಇದನ್ನು ಬದಲಾಯಿಸುವುದು ಮಾತ್ರೆ ನುಂಗುವುದಕ್ಕಿಂತ ಕಷ್ಟ ಆಯಿತು.

ಔಷಧಿ ಕೌಂಟರಿನಲ್ಲಿ ಕ್ಯಾಪ್ಸೂಲ್ ಅರ್ಧ ಮಾತ್ರ ಸ್ಟಾಕ್ ಇತ್ತು. ಅಕ್ಕ ಸಿಕ್ಕಿದ್ದಷ್ಟು ತಗೊಂಡು ಸುಮ್ನೆ ಬರುವವರಿದ್ದರು. ಇಲ್ಲ ಅಂದ ಔಷಧಿಗೆ "ಸ್ಟಾಕ್ ಇಲ್ಲ" ಅಂತ ಚೀಟಿ ಮೇಲೆ ಬರೆಸಿಕೊಳ್ಳಬೇಕು. ಆಮೇಲೆ ಹೊರಗೆ ತಗೊಂಡ ಬಿಲ್ಲನ್ನು ಡಾಕ್ಟರ ಚೀಟಿ ಜೊತೆ ಕೊಟ್ಟು ಮರುಪಾವತಿ ಕೇಳಬಹುದು. ಆ ದುಡ್ಡು ಬೇಗ ಬರುವುದಿಲ್ಲ. ಆದರೂ ಕೇಳಬೇಕು, ಅದು ನಮ್ಮದೇ ದುಡ್ಡು.

ಕಲೆ ಮಾಯವಾದ ತಕ್ಷಣ ಔಷಧಿ ನಿಲ್ಲಿಸಲು ಮೇಡಂ ಬಿಡಲಿಲ್ಲ. ಮಾಯವಾದ ಮೇಲೂ ಎರಡು ವಾರ ಮುಂದುವರಿಸಿದರು. ಮಗಳ ಕುತ್ತಿಗೆ ಮೊದಲು ಸರಿಹೋಯಿತು, ಅಕ್ಕನದು ಕೊನೆಗೆ. ಸ್ಟೆರಾಯ್ಡ್ ಹಚ್ಚಿದ ಚರ್ಮ ನಿಧಾನ.

ಇದರ ನಡುವೆ ಅಕ್ಕನ ಲೈನಿನ ಇನ್ನೊಬ್ಬ ಹುಡುಗಿ ತೋಳಿನ ಮೇಲಿನ ತಿಳಿ ಬಣ್ಣದ ಮಚ್ಚೆ ತೋರಿಸಿದಳು. ತುರಿಕೆ ಇಲ್ಲ, ಮುಟ್ಟಿದರೂ ಸ್ಪರ್ಶ ಸರಿಯಾಗಿ ಗೊತ್ತಾಗುತ್ತಿಲ್ಲ ಅಂದಳು. ಸ್ಪರ್ಶ ಗೊತ್ತಾಗದ ಮಚ್ಚೆ ಇದ್ದರೆ ಕುಷ್ಠ ಇರಬಹುದು, ತಡ ಮಾಡಬಾರದು. ಅದಕ್ಕೆ ಯಾವ ಕಾರ್ಡೂ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಪೂರ್ತಿ ಔಷಧಿ ಉಚಿತ, ಪೂರ್ತಿ ವಾಸಿಯಾಗುತ್ತದೆ. ಅವಳನ್ನು ಮಾರನೇ ದಿನವೇ ಕಳಿಸಿದೆವು.

ಬಗೆಹರಿಯದೆ ಉಳಿದಿದ್ದು ಸಂಬಳದ ವಿಷಯ. ಕಾಯಿಲೆಯಿಂದ ರಜೆ ಹಾಕಿದರೆ ಇಎಸ್‌ಐ ಸಂಬಳದ ಶೇ 70ರಷ್ಟು ಕೊಡುತ್ತದೆ, ವರ್ಷಕ್ಕೆ 91 ದಿನದವರೆಗೆ. ಆದರೆ ಇಎಸ್‌ಐ ಡಾಕ್ಟರ ಸರ್ಟಿಫಿಕೇಟ್ ಬೇಕು, ಮತ್ತು ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ. ಚರ್ಮದ ಓಪಿಡಿಗೆ ಹೋಗುವವರು ಹಾಕುವುದು ಒಂದೊಂದೇ ದಿನದ ರಜೆ. ಹಾಗಾಗಿ ಅವರಿಗೆ ಇದರಿಂದ ಒಂದು ರೂಪಾಯಿಯೂ ಸಿಗುವುದಿಲ್ಲ. ಅದರ ಮೇಲೆ ಫ್ಯಾಕ್ಟರಿಯ ಹಾಜರಾತಿ ಬೋನಸ್ ಬೇರೆ ಹೋಗುತ್ತದೆ. ರೆಫರಲ್ ಚೀಟಿ ತೋರಿಸಿದವರಿಗೆ ಅರ್ಧ ದಿನದ ಗೇಟ್ ಪಾಸ್ ಕೊಡಿ, ಬೋನಸ್ ಕಡಿಯಬೇಡಿ ಅಂತ ಅಕ್ಕ ಮತ್ತು ಲೈನಿನವರು ಸೇರಿ ಎಚ್‌ಆರ್‌ಗೆ ಬರೆದುಕೊಟ್ಟರು. ಗೇಟ್ ಪಾಸ್‌ಗೆ ಒಪ್ಪಿದ್ದಾರೆ. ಹೊಸದಾಗಿ ಸೇರುವವರ ಡಿಸ್ಪೆನ್ಸರಿ ಯಾವುದು ಅಂತ ಮೊದಲ ದಿನವೇ ಕೇಳಿ ಹಾಕುವುದಕ್ಕೂ ಒಪ್ಪಿದ್ದಾರೆ. ಬೋನಸ್ ಮಾತ್ರ ಇನ್ನೂ ಕಡಿಯುತ್ತಿದ್ದಾರೆ, ಅದರ ಮೇಲೆ ಎರಡನೇ ಅರ್ಜಿ ಕೊಟ್ಟಿದ್ದೇವೆ.